ಅಳತೆಯ ಕುಬಸ

"ಗುರುಗಳೇ, ಒಂದೇ ಉಪದೇಶವನ್ನು ಕೇಳುವವರಿಗೆ ತಕ್ಕಂತೆ ತುಸು ಹಿಗ್ಗಿಸಿ, ತುಸು ಕುಗ್ಗಿಸಿ ಹೇಳುವುದು ತಪ್ಪೇ?"

ಶಿಷ್ಯ ಇದನ್ನು ಕೇಳಿದಾಗ ಗುರುಗಳು ತಮ್ಮ ಹರಿದ ಜೋಳಿಗೆಯನ್ನು ಹೊಲಿಯಲು ಕುಳಿತಿದ್ದರು. ಅವರ ಕಣ್ಣು ಮಂಜಾಗಿತ್ತು. ಸೂಜಿಯನ್ನೂ ದಾರವನ್ನೂ ಶಿಷ್ಯನ ಕೈಗೆ ಕೊಟ್ಟು, "ಮೊದಲು ಇದನ್ನು ಪೋಣಿಸು" ಎಂದರು.

ಶಿಷ್ಯ ಮೂರು ಸಲ ಯತ್ನಿಸಿದ. ದಾರ ಸೂಜಿಯೊಳಗೆ ಹೋಗಲಿಲ್ಲ.

"ನನಗೆ ಕಣ್ಣು ಮಂಜು, ಸರಿ. ನಿನ್ನ ಕೈ ಯಾಕೆ ನಡುಗುತ್ತಿದೆ? ಬೆಳಿಗ್ಗೆ ರೊಟ್ಟಿಯನ್ನೂ ಮುಟ್ಟಲಿಲ್ಲವಂತೆ."

"ಏನಿಲ್ಲ ಗುರುಗಳೇ. ಸುಮ್ಮನೆ ಕೇಳಿದೆ."

"ಸುಮ್ಮನೆ ಕೇಳುವವರು ಹೊಟ್ಟೆ ತುಂಬ ಉಂಡು ಬಂದು ಕೇಳುತ್ತಾರೆ. ನಿನ್ನೆ ಪ್ರವಚನಕ್ಕೆ ಹೋದ ಊರಿನಲ್ಲಿ ಏನಾಯಿತು, ಹೇಳು."

ಶಿಷ್ಯ ಹೇಳಿದ. ನಿನ್ನೆ ಅವನು ತಾಳ್ಮೆಯ ಮೇಲೆ ಮಾತಾಡಿದ್ದ. ಊರಿನ ಹಿರಿಯರೆಲ್ಲ ಮುಂದಿನ ಸಾಲಿನಲ್ಲಿದ್ದರು. ಮಾತು ಮುಗಿಯುವ ಹೊತ್ತಿಗೆ ಹಿಂದಿನ ಕಂಬದ ಬಳಿ ಒಬ್ಬ ಹೆಂಗಸು ಎದ್ದು ನಿಂತು, "ಸ್ವಾಮೀ, ತಾಳ್ಮೆಗೆ ಕೊನೆ ಅಂತ ಒಂದು ಇದೆಯೋ ಇಲ್ಲವೋ?" ಎಂದು ಕೇಳಿದಳು. ಮುಂದಿನ ಸಾಲಿನವರು ಒಮ್ಮೆ ಹಿಂದಿರುಗಿ ಅವಳನ್ನು ನೋಡಿ, ಮತ್ತೆ ಶಿಷ್ಯನನ್ನು ನೋಡಿದರು. "ತಾಳಿದವರು ಬಾಳುತ್ತಾರೆ ತಾಯಿ. ಭೂಮಿಗಿಂತ ದೊಡ್ಡವರೇ ನಾವು?" ಎಂದು ಇವನು ಉತ್ತರಿಸಿದ.

"ಉತ್ತರ ಚೆನ್ನಾಗಿತ್ತೇ?"

"ಎಲ್ಲರೂ ತಲೆದೂಗಿದರು."

"ಅವಳು?"

"ಕುಳಿತುಕೊಂಡಳು. ಕೈಗೆ ಏನೋ ಬಟ್ಟೆ ಸುತ್ತಿಕೊಂಡಿದ್ದಳು. ಆಮೇಲೆ ನಾನು ಆ ಕಡೆ ನೋಡಲಿಲ್ಲ."

ಗುರುಗಳು ಅವನ ಕೈಯಿಂದ ಸೂಜಿಯನ್ನು ತೆಗೆದುಕೊಂಡರು. ಬೆರಳಿನಿಂದಲೇ ತಡವಿ ದಾರ ಪೋಣಿಸಿದರು. ಜೋಳಿಗೆಯನ್ನು ತೊಡೆಯ ಮೇಲೆ ಹರಡಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ತಾಯಿ ಇದ್ದಳು. ಹೆಸರು ಬೇಕಿದ್ದರೆ ಬಾಳವ್ವ ಎಂದಿಟ್ಟುಕೊ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು, ಹೇಮವ್ವ. ಅವಳನ್ನು ಮೂರು ಹರದಾರಿ ದೂರದ ಇನ್ನೊಂದೂರಿಗೆ ಮದುವೆ ಮಾಡಿ ಕೊಟ್ಟಿದ್ದಳು.

ಬಾಳವ್ವ ಅಂಗಡಿ ಹಾಕಿದವಳಲ್ಲ, ಮನೆಯಲ್ಲೇ ಕುಳಿತು ಹೊಲಿಯುತ್ತಿದ್ದವಳು. ಅವಳ ಬಳಿ ರಟ್ಟಿನಂಥ ದಪ್ಪ ಕಾಗದದಲ್ಲಿ ಕತ್ತರಿಸಿದ ಕುಬಸದ ಅಚ್ಚು ಒಂದಿತ್ತು. ಆ ಕಡೆ ರವಿಕೆಗೆ ಕುಬಸ ಎನ್ನುತ್ತಾರೆ. ಓಣಿಯ ಹೆಂಗಸರೆಲ್ಲರ ಕುಬಸವೂ ಆ ಒಂದೇ ಅಚ್ಚಿನಿಂದ ಹುಟ್ಟುತ್ತಿತ್ತು, ಆದರೆ ಒಬ್ಬರದಿದ್ದಂತೆ ಇನ್ನೊಬ್ಬರದು ಇರುತ್ತಿರಲಿಲ್ಲ. ಬೆನ್ನು ಬಾಗಿದ ಮುದುಕಿಗೆ ಬೆನ್ನಿನ ತುಂಡನ್ನು ಎರಡು ಬೆರಳು ಉದ್ದ ಬಿಡುತ್ತಿದ್ದಳು. ಕೊಡ ಹೊತ್ತು ಹೊತ್ತು ಒಂದು ಹೆಗಲು ಇಳಿದವಳಿಗೆ ಆ ಕಡೆ ಮಾತ್ರ ಒಂದು ಬೆರಳು ತಗ್ಗಿಸುತ್ತಿದ್ದಳು. ಮೊಲೆಯೂಡಿಸುವವಳಿಗೆ ಗುಂಡಿಯ ಜಾಗವನ್ನೇ ಬದಲಿಸುತ್ತಿದ್ದಳು.

"ಬಟ್ಟಿ ಮೈಯ ಮಾತು ಕೇಳಬೇಕು. ಮೈಗೆ ಬಟ್ಟಿ ಮಾತು ಕೇಳಂತ ಹೇಳಬಾರದು," ಎನ್ನುತ್ತಿದ್ದಳು.

ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ಏಳಬೇಡ. ಕತೆ ಇನ್ನೂ ಹೊಸ್ತಿಲಲ್ಲೇ ಇದೆ.

ಅವಳ ಕಸೂತಿಯೂ ಹಾಗೇ. ಕಸೂತಿ ಹಾಕುವವರು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗಂಟು ಹಾಕುವಂತಿಲ್ಲ. ಸೂಜಿ ಒಂದು ಹೊಲಿಗೆ ಹಾಕಿ, ಒಂದರ ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ಕೊನೆ ಮುಟ್ಟಿದ ಮೇಲೆ ಹೋದ ದಾರಿಯಲ್ಲೇ ಮರಳಿ ಬರುತ್ತ ಆ ಖಾಲಿ ಜಾಗಗಳನ್ನು ತುಂಬುತ್ತದೆ. ಮರಳಿ ಬಾರದಿದ್ದರೆ ಚಿತ್ರ ಅರ್ಧವೇ. ಬಾಳವ್ವನ ಮನೆತನದಲ್ಲಿ ಒಂದು ಗೋಪುರದ ನಮೂನೆ ಇತ್ತು, ಎತ್ತರವಾದದ್ದು, ತುದಿಯಲ್ಲಿ ಕಳಸ. ಅಗಲದ ತೋಳಿಗೆ ಅದನ್ನು ಹಿಗ್ಗಿಸಿ, ಮಗುವಿನ ಕುಲಾವಿಗೆ ಕುಗ್ಗಿಸಿ ಹಾಕುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಹೇಮವ್ವನಿಗೂ ಎಲ್ಲವನ್ನೂ ಕಲಿಸಿದ್ದಳು. ಹೊಸ ಹೊಲಿಗೆ ಹಾಕಿದ ಕೂಡಲೇ ಹಳೆಯ ದಾರ ಕೀಳಬೇಕು, ಬಿಟ್ಟರೆ ಮೈಗೆ ಚುಚ್ಚುತ್ತದೆ ಎಂದು ಎಷ್ಟೋ ಸಲ ಕೈಮೇಲೆ ಹೊಡೆದು ಕಲಿಸಿದ್ದಳು. ಮದುವೆಯ ದಿನ ಇನ್ನೊಂದು ಪಾಠವನ್ನೂ ಹೇಳಿ ಕಳಿಸಿದ್ದಳು: ಗಂಡನ ಮನೆಯ ಮಾತು ಹೊಸ್ತಿಲು ದಾಟಬಾರದು.

ಹೇಮವ್ವ ಬಸುರಿಯಾದಳು. ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಕುಬಸ ಒಯ್ದು ಉಡಿ ತುಂಬಬೇಕು. ಆ ಕಾರ್ಯಕ್ಕೂ ಕುಬಸವೆಂದೇ ಹೆಸರು. ಅವರ ಜನದಲ್ಲಿ ಎರಡು ಪದ್ಧತಿಗಳಿದ್ದವು. ಮಗಳಿಗೆ ಮಗು ಹುಟ್ಟುವವರೆಗೆ ತಾಯಿ ಅವಳ ಗಂಡನ ಮನೆಯಲ್ಲಿ ಉಣ್ಣುವಂತಿಲ್ಲ. ಉಣ್ಣದೆ ಹೋಗಿಬರುವುದು ಎರಡೂ ಕಡೆಯವರಿಗೆ ಮುಜುಗರ, ಹಾಗಾಗಿ ಈ ಕಾರ್ಯದ ದಿನ ಬಿಟ್ಟರೆ ತಾಯಂದಿರು ಹೋಗುತ್ತಲೇ ಇರಲಿಲ್ಲ. ಇನ್ನೊಂದು, ಉಡಿ ತುಂಬಿದ ಮೇಲೆ ಗಂಡನ ಮನೆಯ ಹಿರಿಯರು ಹುಡುಗಿಯನ್ನು ನೋಡಿ ಒಂದು ಮಾತು ಹೇಳುತ್ತಾರೆ. ಸೊರಗಿದ್ದರೆ ಅಂದೇ ತವರಿಗೆ ಕಳಿಸುತ್ತಾರೆ. ಮೈ ತುಂಬಿಕೊಂಡಿದ್ದರೆ ಒಂಬತ್ತನೆಯ ತಿಂಗಳವರೆಗೆ ಇಟ್ಟುಕೊಳ್ಳುತ್ತಾರೆ. ಅಂದೇ ಕಳಿಸಿದ ಹುಡುಗಿಯ ಬಗ್ಗೆ ಊರು ನಾಲ್ಕು ಮಾತಾಡುತ್ತದೆ. ಬಾಳವ್ವನನ್ನೇ ಅವಳ ಕಾಲದಲ್ಲಿ ಹಾಗೆ ಕಳಿಸಿದ್ದರು. ಒಣಬಳ್ಳಿ ಎಂದು ಓಣಿಯವರು ಅಂದದ್ದು ಅವಳಿಗೆ ಇನ್ನೂ ನೆನಪಿತ್ತು.

ಬಸುರಿಯ ಮೈ ಬದಲಾಗಿರುತ್ತದಲ್ಲ, ಹಳೆಯ ಅಳತೆ ನಡೆಯದು. ಆದ್ದರಿಂದ ಪಕ್ಕದ ಮನೆಯ ಹೆಂಗಸು ಆ ಊರಿನ ಸಂತೆಗೆ ಹೊರಟಾಗ, ಅಳತೆಗೆ ಒಂದು ಕುಬಸ ಇಸಿದುಕೊಂಡು ಬಾ ಎಂದು ಬಾಳವ್ವ ಹೇಳಿ ಕಳಿಸಿದಳು. ಅವಳು ತಂದುಕೊಟ್ಟಳು.

"ಹೆಂಗದಾಳ ನಮ್ಮ ಹೇಮಿ?"

"ಚಲೋ ಅದಾಳ. ನಕ್ಕೋತ ಕೊಟ್ಳು. ಅತ್ತಿ ಬಾಜೂಕ ನಿಂತಿದ್ರು, ಭಾಳ ಮಾತಾಡಾಕ ಆಗಲಿಲ್ಲ."

"ಏನರ ಹೇಳಿದ್ಲೇನು?"

"ಒಳಗ ಹೊರಗ ತಿರುವಿ ಚಂದಂಗ ನೋಡಿ ಹೊಲಿ ಅನ್ನು ಅಂದ್ಲು, ಅಷ್ಟ."

ಬಾಳವ್ವ ಕುಬಸವನ್ನು ಒಳಮಗ್ಗುಲಿಗೆ ತಿರುವಿದಳು. ಅದು ಮದುವೆಗೆಂದು ಅವಳೇ ಹೊಲಿದ ಕುಬಸ. ಪಕ್ಕೆಯಲ್ಲಿ ಅವಳು ಹಾಕಿದ ಹೊಲಿಗೆ ಹಾಗೇ ಇತ್ತು. ಅದರಿಂದ ಒಂದು ಬೆರಳು ಒಳಗೆ ಇನ್ನೊಂದು ಸಾಲು ಹೊಲಿಗೆ ಇತ್ತು. ಅದರಿಂದ ಅರ್ಧ ಬೆರಳು ಒಳಗೆ ಮತ್ತೊಂದು ಸಾಲು. ಮೂರು ಸಾಲು. ಎರಡನ್ನು ಹಾಕಿದ್ದು ಹೇಮವ್ವನ ಕೈ. ಬಸುರಿಯ ಕುಬಸವನ್ನು ಬಿಚ್ಚಿ ಅಗಲ ಮಾಡುತ್ತಾರೆ, ಹಿಡಿದು ಚಿಕ್ಕದು ಮಾಡುವುದಿಲ್ಲ. ಇದನ್ನು ಅವಳು ಎರಡು ಸಲ ಹಿಡಿದಿದ್ದಳು.

ಬಾಳವ್ವ ಕುಬಸವನ್ನು ಬೆಳಕಿಗೆ ಹಿಡಿದು ಸಾಲುಗಳನ್ನು ಮತ್ತೊಮ್ಮೆ ಎಣಿಸಿದಳು.

ಭಯ ಬಂದಾಗ ಮನಸ್ಸು ಮೊದಲು ಮಾಡುವ ಕೆಲಸ ಏನು ಗೊತ್ತೇ? ಕಾರಣ ಹುಡುಕುವುದು. ಒಗೆದು ಒಗೆದು ಬಟ್ಟೆ ಜಗ್ಗಿರಬೇಕು ಎಂದುಕೊಂಡಳು. ಈಗಿನ ಹುಡುಗಿಯರು ಬಿಗಿಯಾಗಿ ತೊಡುತ್ತಾರೆ ಎಂದುಕೊಂಡಳು. ಕೊನೆಗೆ ಅವಳ ಕಣ್ಣು ಹಳೆಯ ದಾರದ ಮೇಲೆ ಬಿತ್ತು. ಮೂರು ಸಾಲೂ ಹಾಗೇ ಇವೆ, ಒಂದು ಎಳೆಯನ್ನೂ ಕಿತ್ತಿಲ್ಲ. "ಎಷ್ಟ ಹೇಳಿದ್ರೂ ಅಷ್ಟ. ಮೈಗಳ್ಳಿ ಆಗ್ಯಾಳ," ಎಂದು ಸಿಟ್ಟು ಮಾಡಿಕೊಂಡಳು. ಸಿಟ್ಟು ಬಂದಷ್ಟು ಹೊತ್ತು ಭಯ ಕಾಣುವುದಿಲ್ಲ. ಅದು ಅವಳಿಗೆ ಅನುಕೂಲವಾಗಿತ್ತು.

ಆದರೂ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ನಿನ್ನ ಹಾಗೆಯೇ.

ಕಾರ್ಯಕ್ಕೆ ಒಂಬತ್ತು ದಿನ ಇತ್ತು. ಹೋಗಿ ನೋಡಿ ಬರಲೇ ಎಂದು ಮೊದಲ ದಿನ ಎರಡು ಸಲ ಹೊಸ್ತಿಲವರೆಗೆ ಬಂದಳು. ಉಣ್ಣದ ಮನೆಗೆ ಕರೆಯದೆ ಹೋದರೆ ಬೀಗರು ಏನೆಂದಾರು ಎಂದು ಎರಡು ಸಲವೂ ಒಳಗೆ ಹೋದಳು. ಎರಡನೆಯ ದಿನ ಹಸಿರು ಬಟ್ಟೆಯನ್ನು ಹಾಸಿ ಕಾಗದದ ಅಚ್ಚನ್ನು ಅದರ ಮೇಲಿಟ್ಟಳು. ಆಗ ಅವಳಿಗೆ ಕಂಡದ್ದು ಮಗಳ ಮೈ ಅಲ್ಲ. ಕಾರ್ಯದ ದಿನ ಚಾಪೆಯ ಮೇಲೆ ಕುಳಿತ ಬೀಗರ ಕಣ್ಣು, ತನ್ನ ಓಣಿಯ ಹೆಂಗಸರ ಕಣ್ಣು. ಬಾಳವ್ವನ ಮಗಳು ಒಣಗಿದ್ದಾಳೆ. ತಾಯಿಯೂ ಹೀಗೇ ಇದ್ದಳು. ಆ ಮಾತುಗಳು ಈಗಲೇ ಅವಳ ಕಿವಿಗೆ ಕೇಳಿಸಿದವು. ಅವಳ ಕೈಯಲ್ಲಿದ್ದ ವಿದ್ಯೆ ಆಗ ಬೇರೆ ದಾರಿ ಹಿಡಿಯಿತು.

ಕುಬಸವನ್ನು ಮಗಳು ಕಳಿಸಿದ ಅಳತೆಗೇ ಕತ್ತರಿಸಿದಳು, ಇಲ್ಲದಿದ್ದರೆ ಮೈಮೇಲೆ ನಿಲ್ಲದು. ಆದರೆ ಒಳಗೆ ಒಂದು ಪದರ ಹಾಕುವ ಕಡೆ ಎರಡು ಪದರ ಅಸ್ತರಿ ಕೊಟ್ಟಳು. ತೋಳಿನ ಬುಡದಲ್ಲಿ ಸಣ್ಣ ನೆರಿಗೆ ಹಿಡಿದು ಉಬ್ಬಿಸಿದಳು. ಎದೆಯ ಮೇಲೆ ಅಡ್ಡ ಪಟ್ಟಿ ಬಿಟ್ಟಳು. ಬೆನ್ನಿನ ಕೊರಳನ್ನು ಮೇಲೇರಿಸಿದಳು, ಎಲುಬು ಕಾಣದಿರಲಿ ಎಂದು.

ಉಳಿದದ್ದು ಕಸೂತಿ. ಮನೆತನದ ಗೋಪುರ ಎತ್ತರ. ಸಣ್ಣ ತೋಳಿನ ಮೇಲೆ ಅದನ್ನು ಹಾಕಿದರೆ ತೋಳು ಇನ್ನೂ ಸಣ್ಣ ಕಾಣುತ್ತದೆ. ಅದನ್ನು ಅಗಲಕ್ಕೆ ಎಳೆಯಬೇಕು, ಎತ್ತರ ಇಳಿಸಬೇಕು. ಕಸೂತಿಗೆ ದೀಪದ ಬೆಳಕು ಆಗದು, ಎಳೆ ಎಣಿಸಲು ಹಗಲೇ ಬೇಕು. ಹೊತ್ತು ಏರುತ್ತಲೇ ಬಾಗಿಲ ಬಳಿ ಕೂರುವಳು, ಬಿಸಿಲು ಇಳಿದಾಗ ಏಳುವಳು. ನೀರು ಕುಡಿದಷ್ಟು ಸುಲಭವಾಗಿದ್ದ ಕೆಲಸ ಈಗ ಕೈಗೆ ಹತ್ತಲೊಲ್ಲದು. ಎಳೆ ಎಣಿಸುತ್ತ ಹತ್ತೊಂಬತ್ತಕ್ಕೆ ಬಂದಾಗ ಮೂರು ಸಾಲು ಹೊಲಿಗೆ ನೆನಪಾಗಿ ಲೆಕ್ಕ ತಪ್ಪುವುದು. ಹೋದ ಸೂಜಿ ಮರಳಿ ಬಂದಾಗ ಮೊದಲಿನ ಜಾಗಕ್ಕೆ ಒಂದು ಎಳೆ ಈಚೆ ನಿಲ್ಲುವುದು. ಬಿಚ್ಚುವಳು. ಮತ್ತೆ ಹಾಕುವಳು. ದಾರಿಯಲ್ಲಿ ಗಾಡಿಯ ಸದ್ದಾದರೆ ಆ ಊರಿನಿಂದ ಯಾರಾದರೂ ಸುದ್ದಿ ತಂದರೇ ಎಂದು ಕತ್ತೆತ್ತುವಳು. ಬೆರಳಿಗೆ ಸೂಜಿ ಚುಚ್ಚಿಕೊಂಡು, ಹಸಿರು ಬಟ್ಟೆಗೆ ರಕ್ತ ತಾಗೀತೆಂದು ಬಾಯಲ್ಲಿಟ್ಟುಕೊಳ್ಳುವಳು. ನಾಲ್ಕು ಸಲ ಬಿಚ್ಚಿದ ಮೇಲೆ, ಜಾಗ ಸಾಲದೆ ಕಳಸವನ್ನೇ ಬಿಟ್ಟಳು. ಅಗಲವಾದ, ಗಿಡ್ಡನೆಯ, ತಲೆಯಿಲ್ಲದ ಗೋಪುರಗಳು ತೋಳಿನ ಸುತ್ತ ಕೂತವು.

ಎಂಟನೆಯ ದಿನ ಕುಬಸ ಸಿದ್ಧವಾಯಿತು. ಅವಳ ಜೀವಮಾನದಲ್ಲೇ ಅಂಥದ್ದನ್ನು ಹೊಲಿದಿರಲಿಲ್ಲ. ಪಕ್ಕದ ಮನೆಯವಳು ಬಂದು ನೋಡಿ, "ಇದನ್ನ ಕಟಿಗಿಗೆ ತೊಡಿಸಿದ್ರೂ ಮೈ ಬಂದಂಗ ಕಾಣ್ತದ ನೋಡವಾ," ಎಂದು ನಕ್ಕಳು. ಹೊಗಳಿಕೆ ಎಂದುಕೊಂಡೇ ಅಂದದ್ದು. ಬಾಳವ್ವ ನಗಲಿಲ್ಲ.

ಕಾರ್ಯದ ದಿನ ತಮ್ಮನ ಗಾಡಿಯಲ್ಲಿ ಬೀಗರ ಊರಿಗೆ ಹೋದಳು. ಒಳಕೋಣೆಯಲ್ಲಿ ಮಗಳಿಗೆ ಕುಬಸ ತೊಡಿಸುವುದು ತಾಯಿಯ ಕೆಲಸ. ಬಾಗಿಲು ಮುಚ್ಚಿ ಹೇಮವ್ವ ಸೆರಗು ಸರಿಸಿದಳು. ಹೆಗಲಿನ ಎಲುಬುಗಳು ಮೇಲೆದ್ದಿದ್ದವು. ಹೊಟ್ಟೆಯೊಂದನ್ನು ಬಿಟ್ಟರೆ ಅವಳಲ್ಲಿ ಏನೂ ಇರಲಿಲ್ಲ.

ಆ ಮನೆಯವರು ಕೆಟ್ಟವರೆಂದು ತಿಳಿಯಬೇಡ. ಕೆಟ್ಟವರಾಗಿದ್ದರೆ ಕತೆ ಸುಲಭವಾಗುತ್ತಿತ್ತು. ದೊಡ್ಡ ಮನೆ, ಇಪ್ಪತ್ತು ಜನ. ಯಾವ ಎಮ್ಮೆ ಇಂದು ಎಷ್ಟು ಹಿಂಡಿ ತಿಂದಿತು ಎಂದು ಅವರಿಗೆ ಗೊತ್ತಿತ್ತು. ಸೊಸೆ ಎಷ್ಟು ಉಂಡಳು ಎಂದು ಗೊತ್ತಿರಲಿಲ್ಲ. ಉಂಡದ್ದು ಅವಳಿಗೆ ದಕ್ಕುತ್ತಿರಲಿಲ್ಲ. ಎಲ್ಲರ ಕೊನೆಗೆ ಉಣ್ಣುವವಳು ಎಷ್ಟು ಉಂಡಳು, ಎಷ್ಟು ಕಕ್ಕಿದಳು, ಯಾರು ನೋಡುತ್ತಾರೆ?

ಬಾಳವ್ವ ಕುಬಸ ತೊಡಿಸಿ ಗುಂಡಿ ಹಾಕಿದಳು. ಕುಬಸ ಹೇಳಿ ಮಾಡಿಸಿದಂತೆ ಕೂತಿತು. ಎಲುಬುಗಳು ಮರೆಯಾದವು. ತೋಳು ತುಂಬಿ ಬಂತು. ಹೇಮವ್ವ ಬಾಗಿ ತನ್ನನ್ನು ತಾನು ನೋಡಿಕೊಂಡಳು. ಮುಖದಲ್ಲಿ ಸಂತೋಷ ಬರಲಿಲ್ಲ.

"ಅವ್ವಾ, ಅಳತಿ ಕುಬಸ ನಿನಗ ಮುಟ್ಟಿತಲ್ಲ?"

"ಮುಟ್ಟಿತು."

"ಒಳಗ ತಿರುವಿ ನೋಡಿದ್ಯಾ?"

"ನೋಡಿದೆ. ಹಳೇ ದಾರ ಹಂಗ ಬಿಟ್ಟಿದ್ದಿ. ಹಂಗ ಬಿಡಂತ ಕಲಿಸಿದ್ನೇನು ನಿನಗ?"

"ಕೀಳಂತ ಕಲಿಸಿದ್ದಿ. ಅದಕ್ಕ ಬಿಟ್ಟೆ," ಎಂದಳು ಹೇಮವ್ವ. "ಬಾಯಿಲೇ ಹೇಳಬ್ಯಾಡ ಅಂದಿದ್ದಿ. ದಾರ ನೋಡಿದ್ರ ಬೈಯಾಕಾದ್ರೂ ಬರ್ತಿ ಅಂತ ತಿಳಕೊಂಡಿದ್ದೆ."

ಬಾಳವ್ವನಿಗೆ ಈಗ ಅರ್ಥವಾಯಿತು. ಮಗಳು ಒಂಬತ್ತು ದಿನದ ಹಿಂದೆ ತನ್ನನ್ನು ಕರೆದಿದ್ದಳು. ಬಾಯಿಗೆ ತಾನೇ ಬೀಗ ಹಾಕಿ ಕಳಿಸಿದ್ದರಿಂದ ಹೊಲಿಗೆಯಲ್ಲಿ ಕರೆದಿದ್ದಳು. ಅದಕ್ಕೆ ಉತ್ತರವಾಗಿ ತಾನು ಎರಡು ಪದರ ಅಸ್ತರಿ ಹಾಕಿದ ಕುಬಸ ತಂದಿದ್ದಳು.

ಹೊರಗಿನಿಂದ ಹೆಂಗಸರು ಕೂಗಿದರು, ಹೊತ್ತಾಯಿತೆಂದು. ಅಳತೆಯ ಕುಬಸವನ್ನು ಹೊಸದರ ಜೊತೆ ಮರಳಿ ಕೊಡುವುದು ವಾಡಿಕೆ. ಬಾಳವ್ವ ಅದನ್ನು ಚೀಲದಿಂದ ತೆಗೆದಿದ್ದಳು. ಹೇಮವ್ವ ಅದನ್ನು ಮಡಿಚಿ ಮತ್ತೆ ತಾಯಿಯ ಚೀಲಕ್ಕೇ ಹಾಕಿದಳು. "ಇದು ನಿನ್ನ ಹಂತೇಕ ಇರಲಿ" ಎಂದು ಹೊರಗೆ ನಡೆದಳು.

ಹೆಂಗಸರು ಅವಳನ್ನು ಚಾಪೆಯ ಮೇಲೆ ಕೂರಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಆರತಿ ಎತ್ತಿದರು. "ಏನ ಚಂದ ಮೈ ತುಂಬ್ಯಾಳ!" ಎಂದರು. "ಕಳಸಿಲ್ಲದ ಗೋಪುರ, ಹೊಸಾ ನಮೂನಿ ಏನವಾ ಇದು?" ಎಂದು ಅತ್ತೆ ತೋಳನ್ನು ಮುಟ್ಟದೆಯೇ ಬಾಗಿ ನೋಡಿದಳು. ಬಾಳವ್ವ ನೆಲ ನೋಡುತ್ತಿದ್ದಳು. ಇನ್ನೊಂದೇ ಮಾತು ಉಳಿದಿತ್ತು, ಹಿರಿಯರದು. ನೋಡಲಿ, ದೇವರೇ, ಅವರ ಕಣ್ಣಿಗೆ ಕಾಣಲಿ ಎಂದು ಅವಳು ಬೇಡಿಕೊಂಡಳು. ಕಾಣದಿರಲಿ ಎಂದು ಏಳು ದಿನ ಹೊಲಿದವಳು ಬೇಡಿಕೊಂಡಳು.

ಮನೆಯ ಹಿರಿಯ ಹೇಮವ್ವನನ್ನು ಮೇಲಿಂದ ಕೆಳಗೆ ನೋಡಿದ. "ಹುಡುಗಿ ಗಟ್ಟಿಮುಟ್ಟ ಅದಾಳ. ಒಂಬತ್ತರಾಗ ಕಳಸ್ತೀವಿ. ಅಲ್ಲೀತನಕ ಸುಗ್ಗೀನೂ ಮುಗೀತದ," ಎಂದ.

ಎಲ್ಲರೂ ತಲೆದೂಗಿದರು. ಹೇಮವ್ವ ತಾಯಿಯನ್ನು ನೋಡಿದಳು. ಬಾಳವ್ವ ಬಾಯಿ ತೆರೆದಳು. ಇಷ್ಟು ಜನರ ಮುಂದೆ ಏನೆಂದು ಹೇಳುವುದು? ನನ್ನ ಹೊಲಿಗೆಯೇ ಸುಳ್ಳು ಎನ್ನಬೇಕಿತ್ತು. ಬೀಗರ ಮನೆಯಲ್ಲಿ ಸೊಸೆ ಉಣ್ಣದೆ ಸೊರಗಿದ್ದಾಳೆ ಎನ್ನಬೇಕಿತ್ತು. ಆ ಮಾತು ತಪ್ಪಿ ಬಿದ್ದರೆ ನಾಳೆಯಿಂದ ಅದನ್ನು ಹೊರುವವಳು ಮಗಳೇ. ಬಾಳವ್ವ ಕೈಮುಗಿದು ಗಾಡಿ ಹತ್ತಿದಳು.

ಒಂದು ಹರದಾರಿ ಹೋದ ಮೇಲೆ ಹಳ್ಳ ಬಂತು. ತಮ್ಮ ಎತ್ತುಗಳಿಗೆ ನೀರು ಕುಡಿಸಲು ನಿಂತ. ಬಾಳವ್ವ ಚೀಲದಲ್ಲಿ ಕೈ ಹಾಕಿದಾಗ ಹಳೆಯ ಕುಬಸ ಸಿಕ್ಕಿತು. ತಿರುವಿದಳು. ಹೆಬ್ಬೆರಳಿನಿಂದ ಮೂರು ಸಾಲುಗಳನ್ನೂ ಒಂದೊಂದಾಗಿ ತಡವಿದಳು. ಮೂರನೆಯ ಸಾಲಿನ ಒಳಗೆ ಇನ್ನೂ ಬಟ್ಟೆ ಇತ್ತು. ನಾಲ್ಕನೆಯ ಸಾಲಿಗೆ ಜಾಗವಿತ್ತು. ಒಂಬತ್ತನೆಯ ತಿಂಗಳಿಗೆ ಎರಡು ತಿಂಗಳು ಬಾಕಿ.

"ಗಾಡಿ ತಿರುವು," ಎಂದಳು.

"ಉಡಿ ತುಂಬಿ ಹೊಂಟ ಗಾಡಿ ಅವತ್ತ ತಿರುಗಬಾರದಬೇ. ಏನ ಮರತಿ? ನಾಳೆ ನಾ ಹೋಗಿ ತರ್ತೀನಿ."

"ತಿರುವಂದೆ, ತಿರುವು."

ಅವಳು ಹೋದಾಗ ಹಿರಿಯರು ಇನ್ನೂ ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ತಿರುಗಿ ಬಂದ ಬೀಗಿತಿಯನ್ನು ಕಂಡು, ಒಳಬಾಗಿಲಲ್ಲಿ ಕುಳಿತಿದ್ದ ಅತ್ತೆ ಎದ್ದು ಬಂದಳು. ಬಾಳವ್ವ ಕಂಬ ಹಿಡಿದು ನಿಂತಳು.

"ಯಪ್ಪಾ, ನಾ ಹೊಲಿದದ್ದು ಮಗಳ ಮೈಗೆ ಅಲ್ಲ, ನಿಮ್ಮ ಕಣ್ಣಿಗೆ. ತಪ್ಪು ನಂದು, ನಿಮ್ಮದಲ್ಲ. ಅಕಿ ಅಳತಿ ಇದು, ನೋಡ್ರಿ," ಎಂದು ಹಳೆಯ ಕುಬಸವನ್ನು ಅತ್ತೆಯ ಕೈಗೆ ಕೊಟ್ಟಳು.

"ಹಳೇ ಬಟ್ಟಿ ತಂದು ಏನ ಹೇಳಾಕತ್ಯಾಳ ಈಕಿ?" ಎಂದ ಹಿರಿಯ.

ಅತ್ತೆಯೂ ಹೊಲಿಗೆ ಬಲ್ಲವಳು. ಕುಬಸವನ್ನು ಒಳಮಗ್ಗುಲು ತಿರುವಿದಳು. ಅವಳ ಹೆಬ್ಬೆರಳು ಮೊದಲ ಸಾಲಿನ ಮೇಲೆ ಹೋಯಿತು, ಎರಡನೆಯದರ ಮೇಲೆ ಹೋಯಿತು, ಮೂರನೆಯದರ ಮೇಲೆ ನಿಂತಿತು. ಹೇಮವ್ವನನ್ನು ಹತ್ತಿರ ಕರೆದಳು. ಹಸಿರು ತೋಳಿನ ಒಳಗೆ ಬೆರಳು ಹಾಕಿದಳು. ನೆರಿಗೆ ದಾಟಿ, ಒಂದು ಪದರ ದಾಟಿ, ಇನ್ನೊಂದು ಪದರ ದಾಟಿದ ಮೇಲೆ ಸೊಸೆಯ ತೋಳು ಸಿಕ್ಕಿತು. ಅವಳು ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

ಗುರುಗಳು ಇಲ್ಲಿ ಕತೆ ನಿಲ್ಲಿಸಿದರು. ಜೋಳಿಗೆಯ ಹರಕು ಅರ್ಧ ಮುಚ್ಚಿತ್ತು. ದಾರ ಎಳೆದು ಬಿಗಿ ನೋಡಿದರು.

"ಕಳಿಸಿದರೇ ಗುರುಗಳೇ? ಹುಡುಗಿಯನ್ನು ಅಂದೇ ಕಳಿ‌ಸಿದರೇ?" ಶಿಷ್ಯ ಮುಂದೆ ಬಾಗಿದ್ದ.

"ಕಳಿಸಿದರು. ಅದೇ ಗಾಡಿಯಲ್ಲಿ. ಅತ್ತೆಯೇ ಹತ್ತಿಸಿ, ಹಿಂದೆ ಹಾಸಿಗೆ ಹಾಕಿಸಿ ಕಳಿಸಿದಳು."

ಶಿಷ್ಯನ ಮುಖ ತಿಳಿಯಾಯಿತು. "ತಿಳಿಯಿತು ಗುರುಗಳೇ. ಹಾಗಾದರೆ ಉಪದೇಶವನ್ನು ತಿದ್ದುವುದು ತಪ್ಪಲ್ಲ, ಆದರೆ ತಿದ್ದುವಾಗ ಮೊದಲು ನಾವು..."

ಗುರುಗಳು ಸೂಜಿಯಿದ್ದ ಕೈಯನ್ನು ಎತ್ತಿದರು.

"ಅದು ಇರಲಿ. ಕೈಗೆ ಬಟ್ಟೆ ಸುತ್ತಿಕೊಂಡಿದ್ದಳಲ್ಲ, ಆ ಹೆಂಗಸಿನ ಊರು ಇಲ್ಲಿಂದ ಎಷ್ಟು ದೂರ?"